ಆಟದ ಮನೆ, ನೆಲದ ಮನೆ

ಪಗಡೆಯ ಹಾಸಿನಲ್ಲಾಗಲಿ, ನೆಲದ ಮೇಲೆ ಸೀಮೆಸುಣ್ಣದಿಂದ ಗೀಟೆಳೆದ ಚೌಕಾಬಾರದಲ್ಲಾಗಲಿ, ಕಾಯಿ ನಿಲ್ಲುವ ಒಂದೊಂದು ಚೌಕಕ್ಕೂ ಕನ್ನಡದಲ್ಲಿ ‘ಮನೆ’ಯೆಂದೇ ಹೆಸರು. ಕವಡೆ ಹೇಳಿದಷ್ಟು ಮನೆ ನಡೆಯಬೇಕು. ಎದುರಾಳಿಯ ಕಾಯಿ ಸಿಕ್ಕರೆ ಕಡಿಯಬೇಕು. ಕಟ್ಟೆಯ ಮನೆಯಲ್ಲಿ ನಿಂತ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ. ಕಡೆಗೆ ನಡುಮನೆಯನ್ನು ಸೇರಿ ಹಣ್ಣಾಗಬೇಕು. ಈ ಮನೆಗಳಿಗೆ ಒಡೆಯರಿಲ್ಲ, ಬಾಡಿಗೆಯಿಲ್ಲ. ಬಂದವರೆಲ್ಲರೂ ಒಂದು ಗಳಿಗೆ ನಿಂತು ಮುಂದಕ್ಕೆ ಸಾಗುವ ದಾರಿಗರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಬಗೆಬಗೆಯ ಹಾಸುಗಳನ್ನು ಕಲ್ಪಿಸಿ, ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯಲ್ಲಿ ಆಟಗಳಿಗೂ ಸ್ಥಾನವನ್ನು ಕೊಟ್ಟರು. ಅವರ ಹಾಸುಗಳ ಮನೆಗಳಲ್ಲಿ ದೇವತೆಗಳೂ ಗ್ರಹಗಳೂ ನೆಲಸಿದವು. ಆದರೆ ಅವರೂ ಬಾಡಿಗೆಯನ್ನು ಕೇಳಲಿಲ್ಲ.

ಮನೆಗೆ ಒಡೆಯನೂ ಬೆಲೆಯೂ ಬಂದ ಹಾಸು ಅಮೆರಿಕದಲ್ಲಿ ಹುಟ್ಟಿದ್ದು. ಎಲಿಜಬೆತ್ ಮ್ಯಾಗಿ ಎಂಬ ವಿದುಷಿ ‘ಜಮೀನ್ದಾರನ ಆಟ’ವೆಂಬ ತನ್ನ ಕಲ್ಪನೆಗೆ 1904ರ ಜನವರಿಯಲ್ಲಿ ಪೇಟೆಂಟು ಪಡೆದಳು. ಈಕೆ ಹೆನ್ರಿ ಜಾರ್ಜನ ಅನುಯಾಯಿ. ಭೂಮಿಯ ಬೆಲೆ ಏರುವುದು ಒಡೆಯನ ದುಡಿಮೆಯಿಂದಲ್ಲ, ಸುತ್ತಲೂ ಊರು ಬೆಳೆಯುವುದರಿಂದ. ಆದಕಾರಣ ಆ ಏರಿಕೆಯನ್ನು ಕಂದಾಯದ ಮೂಲಕ ಸಮಾಜಕ್ಕೇ ಸಲ್ಲಿಸಬೇಕು ಎಂಬುದು 1879ರಲ್ಲಿ ಪ್ರಕಟವಾದ ಆತನ ಗ್ರಂಥದ ತಿರುಳು. ಮ್ಯಾಗಿಯ ಹಾಸನ್ನು ಒಮ್ಮೆ ಸುತ್ತಿಬಂದರೆ ಈ ವಾದವೆಲ್ಲವೂ ಮನೆಮನೆಯಾಗಿ ಕಾಣುತ್ತದೆ. ಮೊದಲ ಮೂಲೆಯಲ್ಲಿ ಭೂಮಾತೆ. ಅದನ್ನು ದಾಟಿದವರಿಗೆ ದುಡಿಮೆಯ ಕೂಲಿಯಾಗಿ ನೂರು ಡಾಲರು. ದಾರಿಯಲ್ಲಿ ಅನ್ನ, ಬಟ್ಟೆ, ಇದ್ದಲು, ಆಶ್ರಯಗಳ ಮನೆಗಳು. ಇವುಗಳಲ್ಲಿ ಬಿದ್ದವರು ತೆರಲೇಬೇಕು. ಒಬ್ಬ ಪ್ರಭುವಿನ ಬೇಲಿಹಾಕಿದ ನೆಲವೊಂದುಂಟು. ಅದನ್ನು ತುಳಿದವರಿಗೆ ಸೆರೆಮನೆ. ಸಾರ್ವಜನಿಕ ಉದ್ಯಾನವೂ ಉಂಟು, ಹಣ ತೀರಿದವರಿಗೆ ಅನಾಥಾಲಯವೂ ಉಂಟು. ಮುಂದೆ ಈ ಆಟಕ್ಕೆ ಎರಡು ಬಗೆಯ ನಿಯಮಗಳಾದವು. ಒಂದರಲ್ಲಿ ಬಾಡಿಗೆಯೆಲ್ಲ ಒಡೆಯನಿಗೆ ಸಲ್ಲುವುದು. ಇನ್ನೊಂದರಲ್ಲಿ ನೆಲದ ಬಾಡಿಗೆ ಬೊಕ್ಕಸಕ್ಕೆ ಸೇರಿ ಎಲ್ಲರ ಸ್ಥಿತಿಯೂ ಸುಧಾರಿಸುವುದು. ಎರಡನ್ನೂ ಆಡಿ ನೋಡಿದವರು ತಾವೇ ತೀರ್ಪು ಹೇಳಲೆಂಬುದು ಆಕೆಯ ಆಶಯವಾಗಿತ್ತು.

ಜನರು ತೀರ್ಪನ್ನೇನೋ ಹೇಳಿದರು. ಅದು ಆಕೆ ಬಯಸಿದ ತೀರ್ಪಲ್ಲ. ಕೈಯಿಂದ ಕೈಗೆ ನಕಲಾಗುತ್ತ ಹೋದ ಆಟದಲ್ಲಿ ಒಡೆಯನ ನಿಯಮ ಉಳಿಯಿತು, ಬೊಕ್ಕಸದ ನಿಯಮ ಉದುರಿಹೋಯಿತು. 1930ರ ಸುಮಾರಿಗೆ ಅಟ್ಲಾಂಟಿಕ್ ಸಿಟಿಯ ಕ್ವೇಕರ್ ಪಂಥದ ಮನೆತನಗಳವರು ಹಾಸಿನ ಮನೆಗಳಿಗೆ ತಮ್ಮೂರಿನ ಬೀದಿಗಳ ಹೆಸರುಗಳನ್ನೇ ಇಟ್ಟರು. ಆ ಊರಿನಲ್ಲಿ ನೆಲದ ಬೆಲೆಗೂ ಮೈಬಣ್ಣಕ್ಕೂ ನಂಟು ಇದ್ದಿತಾಗಿ ಆ ನಂಟೂ ಹಾಸಿಗೆ ಇಳಿಯಿತು. ಕಪ್ಪುಜನರು ನೆಲಸಿದ್ದ ಬಾಲ್ಟಿಕ್ ಬೀದಿಗೆ 60 ಡಾಲರು. ಸಿರಿವಂತರು ಗಾಳಿಸೇವನೆಗೆ ಬರುವ ಕಡಲತೀರದ ಬೋರ್ಡ್‌ವಾಕಿಗೆ 400. ಇದನ್ನು ಕಲಿತ ಚಾರ್ಲ್ಸ್ ಡ್ಯಾರೋ ಎಂಬಾತ ತನ್ನದೇ ಸೃಷ್ಟಿಯೆಂದು ಪಾರ್ಕರ್ ಸೋದರರಿಗೆ ಮಾರಲಾಗಿ, 1935ರಲ್ಲಿ ಅದು ‘ಮೊನಾಪಲಿ’ಯೆಂಬ ಹೆಸರಿನಿಂದ ದೇಶವನ್ನೆಲ್ಲ ವ್ಯಾಪಿಸಿತು. ಮ್ಯಾಗಿಯ ಪೇಟೆಂಟನ್ನು ಅದೇ ವರ್ಷ 500 ಡಾಲರಿಗೆ ಕೊಂಡುಕೊಳ್ಳಲಾಯಿತು. ಆಕೆಯ ಹೆಸರು ಲೋಕಕ್ಕೆ ಮರಳಿ ತಿಳಿದುಬಂದದ್ದು 1970ರ ದಶಕದಲ್ಲಿ, ಒಂದು ವ್ಯಾಜ್ಯದ ದೆಸೆಯಿಂದ.

ಆ ಹಾಸಿನಲ್ಲಿ ಮನೆಗಳು 40. ಬೀದಿಗಳು 22, ರೈಲುಗಳು 4, ದೀಪ ಮತ್ತು ನೀರಿನ ಕಾರಖಾನೆಗಳು 2, ಕೊಳ್ಳತಕ್ಕವು ಇವಿಷ್ಟೇ. ಉಳಿದ ಹನ್ನೆರಡು ಮನೆಗಳು ತೆರಿಗೆ, ಅದೃಷ್ಟದ ಚೀಟಿ ಮತ್ತು ನಾಲ್ಕು ಮೂಲೆಗಳಿಗೆ ಮೀಸಲು. ಲಂಡನ್ನಿನ ಹಾಸನ್ನು ರಚಿಸಿದವರು ಲೀಡ್ಸ್ ನಗರದ ವಾಡಿಂಗ್ಟನ್ ಸಂಸ್ಥೆಯವರು; ಅವರು ಆರಿಸಿದ ನಾಲ್ಕು ನಿಲ್ದಾಣಗಳೂ ತಮ್ಮೂರಿನ ಕಡೆಗೆ ಬರುವ ಒಂದೇ ರೈಲು ಕಂಪನಿಗೆ ಸೇರಿದವು. ಹಾಸನ್ನು ಬರೆಯುವವನು ತನ್ನ ಊರಿನ ಕಿಟಕಿಯಿಂದಲೇ ಲೋಕವನ್ನು ನೋಡುತ್ತಾನಷ್ಟೆ. ಭಾರತದಲ್ಲಿ ‘ಬಿಸಿನೆಸ್’ ಎಂಬ ಹೆಸರಿನಿಂದ ಮಾರಾಟವಾದ ಹಾಸುಗಳಲ್ಲಿ ಬೀದಿಗಳ ಬದಲು ಊರುಗಳೇ ಬಂದವು. ಬೆಂಗಳೂರು ಅಲ್ಲಿ ಒಂದೇ ಒಂದು ಮನೆ.

ಆದರೆ ಅದೇ ಬೆಂಗಳೂರು ಹಾಸಿನ ಹೊರಗೆ ತಾನೇ ಮನೆಮನೆಯಾಗಿ ವಿಭಾಗವಾಗುತ್ತ ಬಂದ ನಗರ. 1898ರ ಪ್ಲೇಗಿನ ಭಯದಿಂದ ಬಸವನಗುಡಿ, ಮಲ್ಲೇಶ್ವರಗಳ ಚೌಕಗಳು ಏರ್ಪಟ್ಟವು. ಗಾಳಿ ಬೆಳಕುಗಳೇ ಅಲ್ಲಿನ ಮೊದಲ ಲಾಭವೆಂದು ಆಗ ಎಣಿಸಲಾಗಿತ್ತು. 1945ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು, 1948ರಲ್ಲಿ ಜಯನಗರದ ಶಂಕುಸ್ಥಾಪನೆ, 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಹೀಗೆ ಚೌಕಗಳು ದಕ್ಷಿಣಕ್ಕೆ ನಡೆಯುತ್ತ ಈ ಶತಮಾನದ ಮೊದಲ ವರ್ಷಗಳಲ್ಲಿ ಕನಕಪುರದ ರಸ್ತೆಯ ಮಗ್ಗುಲಿನ ಅಂಜನಾಪುರವನ್ನು ತಲಪಿದವು. ಆಲಹಳ್ಳಿ, ಗೊಟ್ಟಿಗೆರೆಗಳ ನೆರೆಯ ಈ ಹಳ್ಳಿಯ ಸುತ್ತಣ ನೆಲ ಬ್ಲಾಕುಗಳಾಗಿ, ಅಡ್ಡರಸ್ತೆಗಳಾಗಿ, ಸಂಖ್ಯೆ ಬಿದ್ದ ಸೈಟುಗಳಾಗಿ ನಕ್ಷೆಗೆ ಏರಿತು. ಎಕರೆ ಗುಂಟೆಗಳಲ್ಲಿ ಅಳೆಯುತ್ತಿದ್ದ ಭೂಮಿಯನ್ನು ಜನರು ಅಡಿಗಳಲ್ಲಿ, ‘ಮೂವತ್ತು ನಲವತ್ತು’ ಎಂದು, ಕರೆಯತೊಡಗಿದರು.

ಈ ಹಾಸಿಗೂ ನಿಯಮಗಳುಂಟು, ಮತ್ತು ಅವುಗಳಲ್ಲಿ ಮ್ಯಾಗಿಯ ಎರಡು ಬಗೆಯ ನಿಯಮಗಳೂ ಒಂದರ ಪಕ್ಕದಲ್ಲೊಂದು ಕುಳಿತಿವೆ ಎಂಬುದು ವಿಚಾರಕ್ಕೆ ಯೋಗ್ಯವಾದ ಅಂಶ. ಸಾಮಾನ್ಯ ನಿವೇಶನವನ್ನು ಹಂಚುವಾಗ ಅರ್ಜಿದಾರನು ಹಿಂದೆ ಎಷ್ಟು ಬಾರಿ ಅರ್ಜಿ ಹಾಕಿ ಬರಿಗೈಯಲ್ಲಿ ಮರಳಿದ್ದಾನೆಂಬುದನ್ನೂ ಪ್ರಾಧಿಕಾರವು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕಾದವನಿಗೆ ಮನ್ನಣೆ ಕೊಡುವ ಇಂಥ ನಿಯಮ ಮೊನಾಪಲಿಯಲ್ಲಿಲ್ಲ. ಮೂಲೆಯ ಸೈಟು ಮಾತ್ರ ಹರಾಜಿಗೆ. ಅಲ್ಲಿ ಹಣವೇ ಪ್ರಮಾಣ. ಯೋಜನೆಯ ದೆಸೆಯಿಂದ ಬೆಲೆ ಏರಿದ, ಆದರೆ ಸ್ವಾಧೀನವಾಗದೆ ಉಳಿದ ನೆಲದ ಮೇಲೆ ಅಭಿವೃದ್ಧಿ ತೆರಿಗೆಯನ್ನು ವಿಧಿಸುವ ಅಧಿಕಾರವನ್ನು 1976ರ ಕಾಯಿದೆಯೇ ಕೊಟ್ಟಿದೆ. ಹೆನ್ರಿ ಜಾರ್ಜನು ಬಯಸಿದ್ದು ಇದನ್ನೇ, ಇನ್ನೂ ವಿಸ್ತಾರವಾಗಿ. ಇಷ್ಟಾದರೂ ಹಂಚಿಕೆಯಾದ ಸೈಟಿನ ಬೆಲೆ ಮುಂದೆ ಹತ್ತು ಮಡಿಯಾದರೆ ಆ ಏರಿಕೆ ಸೈಟಿನವನದೇ; ಅದೇ ಮಣ್ಣಿನಲ್ಲಿ ರಾಗಿ ಬೆಳೆದವನು ಸ್ವಾಧೀನದ ದಿನ ಪಡೆದ ಪರಿಹಾರದ ಲೆಕ್ಕ ಅಲ್ಲಿಗೇ ಮುಗಿದಿರುತ್ತದೆ. ಹಾಸನ್ನು ಬಿಡಿಸುವುದಕ್ಕೆ ಮೊದಲೇ ಅಲ್ಲಿದ್ದವನಿಗೆ ಮ್ಯಾಗಿಯ ಆಟದಲ್ಲಿಯೂ ಕಾಯಿ ಇಲ್ಲ. ಆಕೆಯ ಕಲ್ಪನೆಯಲ್ಲಿ ಇದೊಂದು ಕೊರತೆಯೆಂದೇ ಹೇಳಬೇಕು.

ಹಾಸಿನ ಪ್ರತಿಯೊಂದು ಬದಿಯ ನಡುವಿನಲ್ಲಿಯೂ ಒಂದು ರೈಲಿನ ಮನೆ ಇರುತ್ತದೆ. ಅಂಜನಾಪುರಕ್ಕೆ ಅದು ಒದಗಿದ್ದು 2021ರ ಜನವರಿಯಲ್ಲಿ, ನಮ್ಮ ಮೆಟ್ರೋದ ಹಸಿರು ಮಾರ್ಗ ಯಲಚೇನಹಳ್ಳಿಯಿಂದ ಮುಂದಕ್ಕೆ ಬಂದಾಗ. ಯೋಜನೆಯ ಕಾಗದಗಳಲ್ಲಿ ಅಂಜನಾಪುರವೆಂದಿದ್ದ ಕಡೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯೆಂದು ಹೆಸರಾಯಿತು. ಊರಿನ ಹೆಸರು ಬಂಡಿಗಳು ತಂಗುವ ಡಿಪೋವಿಗೆ ಉಳಿಯಿತು. ರೈಲು ಬಂದ ಮೇಲೆ ಸುತ್ತಲಿನ ಚೌಕಗಳ ಬೆಲೆ ಏನಾಗುವುದೆಂಬುದನ್ನು ಚೌಕಾಬಾರವಾಡುವ ಮಕ್ಕಳೂ ಬಲ್ಲರು. ನಕ್ಷೆಯಲ್ಲಿ ಸೈಟಿನ ಸಂಖ್ಯೆ ಬೀಳದೆ ಉಳಿದದ್ದು ಅಂಜನಾಪುರದ ಕೆರೆ. ಅದರ ಏರಿಯ ಮೇಲೆ ಬೆಳಗಿನ ಹೊತ್ತು ಯಾವ ಬ್ಲಾಕಿನವರು ಬೇಕಾದರೂ ಬಂದು ನಿಲ್ಲಬಹುದು.