ಸೂಜಿಯ ಕಣ್ಣು ಮತ್ತು ಪೇಟೆಂಟಿನ ಹಕ್ಕು

ಹತ್ತೊಂಬತ್ತನೆಯ ಶತಮಾನದ ಯಂತ್ರಗಳೆಂದೊಡನೆ ಉಗಿಬಂಡಿ, ತಂತಿ, ದೂರವಾಣಿಗಳು ನಮ್ಮ ನೆನಪಿಗೆ ಬರುತ್ತವೆ. ಮನೆಯ ಮೂಲೆಯಲ್ಲಿರುವ ಹೊಲಿಗೆಯಂತ್ರವಾಗಲಿ, ಮಗುವಿನ ಅಂಗಿಗೆ ಸಿಕ್ಕಿಸುವ ಸೇಫ್ಟಿ ಪಿನ್ನಾಗಲಿ ಇತಿಹಾಸದ ವಸ್ತುವೆಂದು ತೋರುವುದಿಲ್ಲ. ಆದರೆ ಈ ಎರಡರ ಕಥೆಯಲ್ಲಿಯೂ ಒಬ್ಬನೇ ವ್ಯಕ್ತಿಯ ಹೆಸರು ಬರುತ್ತದೆ. ಒಂದಕ್ಕೆ ಆತನು ಸಕಾಲದಲ್ಲಿ ಹಕ್ಕು ಕೇಳಲಿಲ್ಲ. ಇನ್ನೊಂದರ ಹಕ್ಕನ್ನು ಪಡೆದೊಡನೆ ಮಾರಿಬಿಟ್ಟನು. ಆತನೇ ಅಮೆರಿಕದ ವಾಲ್ಟರ್ ಹಂಟ್.

1796ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜನಿಸಿದ ಹಂಟನು 1834ರ ಸುಮಾರಿಗೆ ಹೊಲಿಗೆಯಂತ್ರವೊಂದನ್ನು ರಚಿಸಿದನು. ಆತನಿಗಿಂತ ಮುಂಚೆಯೇ ಈ ಪ್ರಯತ್ನ ಮಾಡಿದವರು ಇದ್ದರು. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಪೇಟೆಂಟು ಪಡೆದು, ಪ್ಯಾರಿಸಿನಲ್ಲಿ ಸುಮಾರು 80 ಯಂತ್ರಗಳಿಂದ ಸೈನಿಕರ ಉಡುಪುಗಳನ್ನು ಹೊಲಿಸುತ್ತಿದ್ದನು. ತಮ್ಮ ಅನ್ನಕ್ಕೆ ಕುತ್ತು ಬಂದಿತೆಂದು ದರ್ಜಿಗಳು ಅವನ್ನು ಒಡೆದುಹಾಕಿದರು. ತಿಮೊನಿಯೆಯ ಯಂತ್ರ ಒಂದೇ ದಾರದಿಂದ ಹೊಲಿಯುತ್ತಿತ್ತು. ದಾರ ಕಡಿದರೆ ಹೊಲಿಗೆ ಸುಲಭವಾಗಿ ಬಿಚ್ಚಿಕೊಳ್ಳುತ್ತಿತ್ತು.

ಹಂಟನ ರಚನೆ ಬೇರೆ ಬಗೆಯದು. ಕೈಸೂಜಿಯ ಕಣ್ಣು ಹಿಂತುದಿಯಲ್ಲಿರುವುದರಿಂದ ಸೂಜಿ ಪೂರ್ತಿಯಾಗಿ ಬಟ್ಟೆಯನ್ನು ದಾಟಬೇಕು. ಹಂಟನು ಕಣ್ಣನ್ನು ಮೊನೆಯ ಬಳಿಯಲ್ಲಿಯೇ ಇಟ್ಟನು. ಮೊನೆ ಬಟ್ಟೆಯನ್ನು ಚುಚ್ಚಿ ಹಿಂದೆ ಸರಿಯುವಾಗ ದಾರದ ಕುಣಿಕೆಯೊಂದು ಉಳಿಯುತ್ತದೆ; ನೇಕಾರನ ಲಾಳಿಯನ್ನು ಹೋಲುವ ಪುಟ್ಟ ಲಾಳಿಯೊಂದು ಆ ಕುಣಿಕೆಯೊಳಗಿಂದ ಎರಡನೆಯ ದಾರವನ್ನು ಸಾಗಿಸುತ್ತದೆ. ಎರಡೂ ದಾರಗಳು ಒಂದನ್ನೊಂದು ಬಿಗಿದು ಹಿಡಿಯುತ್ತವೆ. ಇಂದಿಗೂ ಮನೆಮನೆಯ ಹೊಲಿಗೆಯಂತ್ರಗಳ ಮೂಲತತ್ತ್ವ ಇದೇ.

ಇಂಥ ಯಂತ್ರಕ್ಕೆ ಹಂಟನು ಆಗ ಪೇಟೆಂಟು ಕೇಳಲಿಲ್ಲ. ಕೈಯಲ್ಲಿ ಹಣವಿರಲಿಲ್ಲವೆಂಬುದು ಒಂದು ಕಾರಣ. ಇನ್ನೊಂದು ಕಾರಣವನ್ನು ಇತಿಹಾಸಕಾರರು ವಿಶೇಷವಾಗಿ ಸ್ಮರಿಸುತ್ತಾರೆ. ಈ ಯಂತ್ರದಿಂದ ಉಡುಪು ಹೊಲಿಯುವ ಉದ್ಯಮವನ್ನು ಆರಂಭಿಸಬಾರದೇಕೆ ಎಂದು ಆತನು ಮಗಳು ಕ್ಯಾರೋಲಿನಳಿಗೆ ಸೂಚಿಸಿದನು. ಸೂಜಿಯನ್ನೇ ನಂಬಿ ಬದುಕುವ ಬಡ ಹೆಂಗಸರು ಕೆಲಸ ಕಳೆದುಕೊಳ್ಳುವರೆಂದು ಆಕೆ ಒಪ್ಪಲಿಲ್ಲ. ಯಂತ್ರವು ಮೂಲೆಗೆ ಸೇರಿತು.

ಮುಂದೆ 1849ರಲ್ಲಿ ಹಂಟನು ಒಂದೇ ತಂತಿಯನ್ನು ಬಾಗಿಸಿ, ಒಂದು ತುದಿಯಲ್ಲಿ ಸುರುಳಿಯನ್ನೂ ಇನ್ನೊಂದು ತುದಿಯಲ್ಲಿ ಮೊನೆಯನ್ನು ಮುಚ್ಚುವ ಕೊಂಡಿಯನ್ನೂ ರಚಿಸಿ, ಸೇಫ್ಟಿ ಪಿನ್ನಿಗೆ 6,281ನೆಯ ಪೇಟೆಂಟು ಪಡೆದನು. 15 ಡಾಲರುಗಳ ಸಾಲ ತೀರಿಸಲು ಅದರ ಹಕ್ಕನ್ನು 400 ಡಾಲರಿಗೆ ಮಾರಿದನೆಂದು ಹೇಳುತ್ತಾರೆ.

ಅಷ್ಟರಲ್ಲಿ ಮ್ಯಾಸಚೂಸೆಟ್ಸಿನ ಎಲಿಯಾಸ್ ಹೋವೆ ಎಂಬ ಬಡ ಯಂತ್ರಶಿಲ್ಪಿ ಅದೇ ತತ್ತ್ವದ ಯಂತ್ರವನ್ನು ಸ್ವತಂತ್ರವಾಗಿ ರಚಿಸಿದ್ದನು. 1845ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಪಂದ್ಯದಲ್ಲಿ ಅದು ಐವರು ಹೊಲಿಗೆಗಾರ್ತಿಯರನ್ನು ಸೋಲಿಸಿತು. 1846ರ ಸೆಪ್ಟೆಂಬರ್ 10ರಂದು ಆತನಿಗೆ ಪೇಟೆಂಟು ದೊರೆಯಿತು, ಕೊಳ್ಳುವವರು ದೊರೆಯಲಿಲ್ಲ. ಇಂಗ್ಲೆಂಡಿಗೆ ಹೋಗಿ ಬರಿಗೈಯಲ್ಲಿ ಮರಳಿದಾಗ ಪತ್ನಿ ಮರಣಶಯ್ಯೆಯಲ್ಲಿದ್ದಳು. ತನ್ನ ಸೂಜಿ ಮತ್ತು ಲಾಳಿಗಳನ್ನು ಐಸಾಕ್ ಸಿಂಗರ್ ಮೊದಲಾದವರು ಬಳಸುತ್ತಿರುವುದನ್ನು ಕಂಡು ಹೋವೆ ನ್ಯಾಯಾಲಯದ ಮೆಟ್ಟಿಲೇರಿದನು. ಸಿಂಗರನ ಕಡೆಯವರು ಹಂಟನನ್ನು ಹುಡುಕಿ ಹೊರತಂದರು.

1854ರಲ್ಲಿ ಪೇಟೆಂಟು ಕಮಿಷನರ್ ಚಾರ್ಲ್ಸ್ ಮೇಸನ್ ಕೊಟ್ಟ ತೀರ್ಪು ಗಮನಾರ್ಹವಾದುದು. ಮೊದಲು ರಚಿಸಿದವನು ಹಂಟನೇ. ಆದರೆ ಆತನು ಅದನ್ನು ಬಹುಕಾಲ ಕೈಬಿಟ್ಟಿದ್ದುದರಿಂದ ಹಕ್ಕು ಹೋವೆಗೇ ಸಲ್ಲತಕ್ಕದ್ದು. ಇದು ಕಠೋರವೆನಿಸಿದರೂ ಇದರಲ್ಲಿ ನ್ಯಾಯವಿಲ್ಲದೆ ಇಲ್ಲ. ಪೇಟೆಂಟೆಂಬುದು ಬುದ್ಧಿವಂತಿಕೆಗೆ ಕೊಡುವ ಬಿರುದಲ್ಲ, ಅದೊಂದು ಕೊಡುಕೊಳ್ಳುವಿಕೆ. ಶೋಧಕನು ತನ್ನ ರಹಸ್ಯವನ್ನು ಲೋಕದ ಮುಂದೆ ಬಿಚ್ಚಿಡಬೇಕು; ಪ್ರತಿಯಾಗಿ ಲೋಕವು ಆತನಿಗೆ ಮಿತಕಾಲದ ಏಕಸ್ವಾಮ್ಯವನ್ನು ಕೊಡುತ್ತದೆ. ಅವಧಿ ಮುಗಿದಮೇಲೆ ಆ ವಿದ್ಯೆ ಸರ್ವರ ಸ್ವತ್ತು.

1856ರಲ್ಲಿ ಹೋವೆ, ಸಿಂಗರ್ ಮತ್ತು ಇನ್ನೆರಡು ಕಂಪನಿಗಳು ತಮ್ಮ ಪೇಟೆಂಟುಗಳನ್ನು ಒಗ್ಗೂಡಿಸಿದುವು. ಯಂತ್ರವೊಂದಕ್ಕೆ 5 ಡಾಲರಿನಂತೆ ಪಡೆದು ಹೋವೆ ಅಪಾರ ಧನಿಕನಾದನು. 1858ರಲ್ಲಿ ಸಿಂಗರನು ಹಂಟನಿಗೆ 50,000 ಡಾಲರುಗಳನ್ನು ಕೊಡಲು ಒಪ್ಪಿದನು; ಅದು ಕೈಸೇರುವ ಮುನ್ನ, 1859ರಲ್ಲಿ, ಹಂಟನು ತೀರಿಕೊಂಡನು.

ಅದೇ 1856ರಲ್ಲಿ ನಮ್ಮ ದೇಶದಲ್ಲಿಯೂ ಮೊದಲ ಪೇಟೆಂಟು ಕಾಯಿದೆ ಜಾರಿಗೆ ಬಂದಿತು. ಅವಧಿ 14 ವರ್ಷ. ಈಗ ಅದು 20 ವರ್ಷ. ಆ ಕಾಯಿದೆಯಂತೆ ಮೊದಲು ಅರ್ಜಿ ಸಲ್ಲಿಸಿದವನು ಕಲ್ಕತ್ತೆಯ ಇಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಆತನ ಶೋಧವೆಂದರೆ ಪಂಖಾ ಎಳೆಯುವ ಯಂತ್ರ! ಬೇಸಗೆಯ ರಾತ್ರಿಗಳಲ್ಲಿ ನಿದ್ದೆಗೆಟ್ಟು ದೊರೆಗಳಿಗೆ ಗಾಳಿ ಬೀಸುತ್ತಿದ್ದ ಕೂಲಿಯವನಿಗೆ ಅದು ಬಿಡುಗಡೆಯೋ, ಅನ್ನದ ನಷ್ಟವೋ ಎಂಬ ಪ್ರಶ್ನೆ ಅರ್ಜಿಯ ಕಾಗದದಲ್ಲಿ ಏಳುವಂತಿರಲಿಲ್ಲ.

ಕ್ಯಾರೋಲಿನಳು ಎತ್ತಿದ್ದುದು ಇದೇ ಪ್ರಶ್ನೆ. 1861ರ ಲೆಕ್ಕವೊಂದರಂತೆ ಕೈಯಿಂದ 14 ಗಂಟೆ 26 ನಿಮಿಷ ಹಿಡಿಯುತ್ತಿದ್ದ ಅಂಗಿ ಯಂತ್ರದಿಂದ 1 ಗಂಟೆ 16 ನಿಮಿಷದಲ್ಲಿ ಮುಗಿಯುತ್ತಿತ್ತು. ಉಳಿದ ಹದಿಮೂರು ಗಂಟೆಗಳು ಯಾರ ಪಾಲಿಗೆ ಬಂದುವು? ಸ್ವಂತ ಯಂತ್ರವಿದ್ದ ಗೃಹಿಣಿಗೆ ಬಿಡುವು ದೊರೆಯಿತು. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ದೊರೆತುದು ಮತ್ತಷ್ಟು ಅಂಗಿಗಳು, ಅದೇ ಅಲ್ಪ ಕೂಲಿ.

ಯಂತ್ರಗಳ ಕಟು ವಿಮರ್ಶಕರಾಗಿದ್ದ ಗಾಂಧೀಜಿಯವರು 1924ರಲ್ಲಿ ಹೊಲಿಗೆಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟರು. ಅದು ಮನುಷ್ಯನ ಶ್ರಮವನ್ನು ಹಗುರಗೊಳಿಸುವ ಪ್ರೀತಿಯಿಂದ ಹುಟ್ಟಿದುದೆಂಬುದು ಅವರ ಭಾವನೆಯಾಗಿತ್ತು. ಯಂತ್ರವನ್ನು ಮೂಲೆಗಿಟ್ಟು ಹಂಟನ ಮಗಳು ಯಾರನ್ನೂ ಉಳಿಸಲಾಗಲಿಲ್ಲ. ಹನ್ನೆರಡು ವರ್ಷಗಳಲ್ಲಿ ಮತ್ತೊಬ್ಬನು ಅದನ್ನು ರಚಿಸಿದನು. ಶೋಧವನ್ನು ತಡೆಯುವುದು ಸಾಧ್ಯವಿಲ್ಲ. ಅದರ ಫಲವನ್ನು ಹಂಚುವುದು ಸಾಧ್ಯವಿದೆ. ಶೋಧಕನ ಪಾಲನ್ನು ಕಾಯಿದೆ ಬರೆದಿಟ್ಟಿದೆ. ದುಡಿಯುವವನ ಪಾಲನ್ನು ಸಮಾಜವೇ ತನ್ನ ಅಂತಃಕರಣದಲ್ಲಿ ಬರೆದುಕೊಳ್ಳಬೇಕಾಗಿದೆ.