ನೇತ್ರಾವತಿಯ ದಂಡೆಯಲ್ಲಿ ಪರಭಾಷೆಯ ಪಾಠ

ಪಾಣೆಮಂಗಳೂರು ಪೇಟೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮೂರೂ ಮನೆಮಾತುಗಳು. ಕನ್ನಡ ಹೆಚ್ಚಿನವರಿಗೆ ಶಾಲೆಯಲ್ಲಿ ಸಿಕ್ಕಿದ ಭಾಷೆ. ಹಾಗಾಗಿ ಮನೆಯಲ್ಲಿ ಆಡದ ಭಾಷೆಯನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಪ್ರಶ್ನೆ ಇಲ್ಲಿಗೆ ಇಂಗ್ಲಿಷಿನ ಬೆನ್ನಿಗೆ ಬಂದದ್ದಲ್ಲ. ಒಂದನೇ ತರಗತಿಯ ಮಾಸ್ಟ್ರಿಗೆ ಅದು ದಿನನಿತ್ಯದ ಪ್ರಶ್ನೆಯಾಗಿತ್ತು.

ಭಾಷಾಬೋಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಒಂದು ಸಿದ್ಧಾಂತ ಇನ್ನೊಂದನ್ನು ಸೋಲಿಸುತ್ತಾ ಬಂದ ಕಥೆಯಂತೆ ಬರೆಯುತ್ತಾರೆ. ವ್ಯಾಕರಣ-ಅನುವಾದ ಹೋಗಿ ನೇರ ವಿಧಾನ ಬಂತು, ಅದು ಹೋಗಿ ರಚನಾ ವಿಧಾನ, ಆಮೇಲೆ ಸಂವಹನ ವಿಧಾನ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಈ ಭಾಗದಿಂದ ನೋಡಿದರೆ ನನಗೆ ಕಾಣುವುದು ಬೇರೆ. ಕಲಿತವನಿಂದ ಕೊನೆಗೆ ಏನನ್ನು ಕೇಳುತ್ತೇವೋ ಅದೇ ವಿಧಾನವನ್ನು ನಿರ್ಧರಿಸಿದೆ. ಸಿದ್ಧಾಂತ ಎಷ್ಟೋ ಸಲ ಅದರ ಹಿಂದೆ ನಡೆದುಬಂದಿದೆ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಂದ ಭಾಷೆ ಕೇಳಿದ್ದು ಸುಲಭದ್ದೇನಲ್ಲ. ಸಂತೆ, ಜಾತ್ರೆಗಳಲ್ಲಿ ನಿಂತು ಮಾತನಾಡಬೇಕು, ಎದುರಿದ್ದವರಿಗೆ ಅರ್ಥವಾಗಬೇಕು. ಮುನ್ಶಿಯಿಂದ ಪಾಠ ಹೇಳಿಸಿಕೊಂಡು, ಹಳ್ಳಿ ತಿರುಗಿ ಕಿವಿಯಲ್ಲಿ ತುಂಬಿಕೊಂಡು ಕಲಿತರು. 1847ರ ಹೊತ್ತಿಗೆ ತುಳುವಿನಲ್ಲಿ ಹೊಸ ಒಡಂಬಡಿಕೆಯೇ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಬ್ರಿಗೆಲ್ ಬರೆದ ತುಳು ವ್ಯಾಕರಣ 1872ರದು. ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಇಂಗ್ಲಿಷ್-ತುಳು 1888ರಲ್ಲಿ ಬಂದವು. 1894ರಲ್ಲಿ ಮಂಗಳೂರಿನಲ್ಲಿ ಹೊರಬಂದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, ಜೊತೆಗೆ ಊರವರ ಬಾಯಲ್ಲಿದ್ದ ಗಾದೆಗಳೂ ಇವೆ. ಈ ಜಿಲ್ಲೆ ಕಂಡ ಅತಿ ಸಮರ್ಥ ಭಾಷಾ ವಿದ್ಯಾರ್ಥಿಗಳು ಇವರೇ ಇರಬೇಕು. ಆದರೆ ಇವರು ನಮಗೆ ಬಿಟ್ಟುಹೋದದ್ದು ವ್ಯಾಕರಣ ಮತ್ತು ನಿಘಂಟು. ತಿರುಗಾಟವನ್ನು ಪುಸ್ತಕದೊಳಗೆ ಇಡಲಾಗುವುದಿಲ್ಲ. ಮುಂದಿನವರು ಪುಸ್ತಕವನ್ನೇ ವಿಧಾನವೆಂದು ತಿಳಿದರು.

ಅದೇ ಕಾಲದಲ್ಲಿ ಇಲ್ಲಿ ಇನ್ನೆರಡು ಪಾಠಗಳು ನಡೆಯುತ್ತಿದ್ದವು, ಎರಡೂ ಮಿಷನ್ನಿಗಿಂತ ಹಳೆಯವು. ಸಂಸ್ಕೃತ ಪಾಠಶಾಲೆಯ ಹುಡುಗ ಶಬ್ದರೂಪ, ಧಾತುರೂಪ, ಅಮರಕೋಶಗಳನ್ನು ಬಾಯಿಪಾಠ ಮಾಡಿ ಆಮೇಲೆ ಕಾವ್ಯಕ್ಕೆ ಕೈಹಾಕುತ್ತಿದ್ದ. ಬ್ಯಾರಿ ಮಕ್ಕಳು ಮದ್ರಸದಲ್ಲಿ ಕುರ್‌ಆನನ್ನು ತಜ್ವೀದ್, ಅಂದರೆ ಪಠಣದ ಉಚ್ಚಾರಣಾ ನಿಯಮ, ತಪ್ಪದಂತೆ ಓದಲು ಕಲಿಯುತ್ತಿದ್ದರು. ಧರ್ಮದ ವಿವರಣೆ ಅರಬಿ-ಮಲಯಾಳಂ ಲಿಪಿಯ ಪುಸ್ತಕಗಳಲ್ಲಿರುತ್ತಿತ್ತು. ಇವನ್ನು ‘ಉರು ಹೊಡೆಸುವುದು’ ಎಂದು ತಳ್ಳಿಹಾಕುವುದು ಶಿಕ್ಷಣಶಾಸ್ತ್ರಜ್ಞರ ಹಳೇ ಚಾಳಿ. ಮದ್ರಸ ಕೇಳಿದ್ದು ಶುದ್ಧ ಪಠಣವನ್ನು, ಮಕ್ಕಳು ಕೊಟ್ಟದ್ದೂ ಶುದ್ಧ ಪಠಣವನ್ನೇ. ಅರಬಿಯಲ್ಲಿ ಮಾತನಾಡಲು ಯಾರೂ ಕೇಳಿರಲಿಲ್ಲ. ಅದನ್ನು ಕೇಳಿದ್ದು ಗಲ್ಫಿನ ಅಂಗಡಿ, ಅಲ್ಲಿಗೆ ಹೋದವರು ಕೆಲಸ ಮಾಡುತ್ತಲೇ ಕಲಿತುಕೊಂಡರು.

ಇನ್ನು ಕನ್ನಡ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಕನ್ನಡ ಪಂಡಿತರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದವರು. ಕನ್ನಡದ ಮನೆಯಿಂದ ಬಾರದ ಮಗು ತರಗತಿಯಲ್ಲಿ ಹೇಗೆ ಕೂತಿರುತ್ತದೆ ಎಂಬುದು ಅವರಿಗೆ ಹೊರಗಿನಿಂದ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಅವರ ಶಿಶುಗೀತೆಗಳನ್ನು ಸಾಹಿತ್ಯವೆಂದು ಎಷ್ಟು ಹೊಗಳಿದ್ದೇವೋ ಭಾಷಾ ಪಾಠವೆಂದು ಅಷ್ಟು ಗಮನಿಸಿಲ್ಲ. ಚಿಕ್ಕ ಸಾಲು, ಮರುಕಳಿಸುವ ಪದ, ಅಭಿನಯಕ್ಕೆ ಒದಗುವ ಕ್ರಿಯೆ. ಅರ್ಥ ಪೂರ್ತಿ ತಿಳಿಯುವ ಮೊದಲೇ ವಾಕ್ಯದ ಲಯ ನಾಲಿಗೆಯಲ್ಲಿ ಕೂರುತ್ತದೆ.

ದೊಡ್ಡವರಿಗೆ ಕನ್ನಡ ಕಲಿಸಿದ್ದು ಯಕ್ಷಗಾನ. ಶಾಲೆಯ ಮೆಟ್ಟಿಲು ಹತ್ತದ ತುಳುವರು ರಾತ್ರಿಯಿಡೀ ಗದ್ದೆಯಲ್ಲಿ ಕೂತು ಕನ್ನಡದ ಅರ್ಥಗಾರಿಕೆ ಕೇಳಿದರು. ಕಥೆ ಮೊದಲೇ ಗೊತ್ತು. ಕರ್ಣ ಯಾರು, ಅವನಿಗೆ ಮುಂದೇನಾಗುತ್ತದೆ ಎಂದು ಗೊತ್ತು. ಗೊತ್ತಿಲ್ಲದ್ದು ಭಾಷೆಯೊಂದೇ. ವೇಷ, ಭಾಗವತರ ಪದ, ಕುಣಿತ ಎಲ್ಲವೂ ಅರ್ಥವನ್ನು ಹಿಡಿದುಕೊಟ್ಟಾಗ ಭಾಷೆ ತಾನಾಗಿ ಇಳಿಯುತ್ತದೆ. ಅಮೆರಿಕದ ಸ್ಟೀಫನ್ ಕ್ರಾಷೆನ್ 1980ರ ದಶಕದ ಆರಂಭದಲ್ಲಿ, ಕಲಿಯುವವನ ಮಟ್ಟಕ್ಕಿಂತ ತುಸು ಮೇಲಿದ್ದೂ ಸಂದರ್ಭದಿಂದ ಅರ್ಥವಾಗುವ ಮಾತು ಕಿವಿಗೆ ಬೀಳುತ್ತಿದ್ದರೆ ಭಾಷೆ ಬರುತ್ತದೆ ಎಂದು ವಾದಿಸಿ ಪ್ರಸಿದ್ಧರಾದರು. ಬಯಲಾಟದ ಪ್ರೇಕ್ಷಕರನ್ನು ಅವರಿಗೆ ತೋರಿಸಬೇಕಿತ್ತು. ಕರಾವಳಿಯವರ ಕನ್ನಡ ಗ್ರಾಂಥಿಕವಾಯಿತು ಎಂದು ಘಟ್ಟದ ಮೇಲಿನವರು ನಗುತ್ತಾರೆ. ಪುಸ್ತಕ ಮತ್ತು ರಂಗಸ್ಥಳದಿಂದ ಕಲಿತ ಭಾಷೆ ಹಾಗಲ್ಲದೆ ಇನ್ನು ಹೇಗಿರಬೇಕು?

ಇಂಗ್ಲಿಷಿನ ಕಥೆ ಇದಕ್ಕಿಂತ ಪೇಲವ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು, ಪಠ್ಯಕ್ರಮವೂ ಅಲ್ಲಿಂದಲೇ. ವ್ಯಾಕರಣ ಮತ್ತು ಭಾಷಾಂತರದ ಜೊತೆಗೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೇರ ವಿಧಾನ ಬಂತು: ಮನೆಮಾತು ಬಳಸಬೇಡಿ, ವಸ್ತು ತೋರಿಸಿ, ಇಂಗ್ಲಿಷಿನಲ್ಲೇ ಹೇಳಿ. ಅಧ್ಯಾಪಕರಿಗೇ ಇಂಗ್ಲಿಷ್ ಸರಾಗವಾಗಿ ಬಾರದ ಕಡೆ ಅದು ತರಬೇತಿ ಪುಸ್ತಕದ ಹೊರಗೆ ಹೆಚ್ಚು ಉಸಿರಾಡಲಿಲ್ಲ. ಢಾಕಾದಲ್ಲಿದ್ದ ಮೈಕೆಲ್ ವೆಸ್ಟ್ 1920ರ ದಶಕದಲ್ಲಿ ಎತ್ತಿದ ಪ್ರಶ್ನೆ ಹೆಚ್ಚು ಪ್ರಾಮಾಣಿಕವಾದದ್ದು. ಬಹುಪಾಲು ಮಕ್ಕಳು ಅರ್ಧಕ್ಕೇ ಶಾಲೆ ಬಿಡುತ್ತಾರಲ್ಲ, ಬಿಟ್ಟವರ ಕೈಯಲ್ಲಿ ಏನು ಉಳಿಯುತ್ತದೆ? ಓದಲು ಕಲಿಸಿ, ಆಯ್ದ ಪದಗಳಲ್ಲಿ ಪುಸ್ತಕ ಬರೆಯಿರಿ, ಅಷ್ಟಾದರೂ ಉಳಿದೀತು ಎಂದರು. ಸ್ವಾತಂತ್ರ್ಯದ ನಂತರದ ರಚನಾ ವಿಧಾನ ವಾಕ್ಯದ ಅಚ್ಚುಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ ತರಗತಿಯಿಡೀ ಒಕ್ಕೊರಲಿನಿಂದ ಹೇಳಿಸಿತು. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ, 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಸಂಸ್ಥೆ ಬಂದವು.

ಆ ಅಚ್ಚುಗಳಿಂದ ಬೇಸತ್ತು ಹುಟ್ಟಿದ ಪ್ರಯೋಗವೊಂದು ಕರ್ನಾಟಕದ ಹೆಸರಿನಲ್ಲೇ ಜಗತ್ತಿಗೆ ಗೊತ್ತಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಮುಂದೆ ನಿಂತು ನಡೆಸಿದ ಬೆಂಗಳೂರು ಪ್ರಾಜೆಕ್ಟ್, ಬೆಂಗಳೂರು, ಮದ್ರಾಸು ಮೊದಲಾದ ಕಡೆಯ ಸಾಮಾನ್ಯ ಶಾಲೆಗಳಲ್ಲಿ ನಡೆದದ್ದು. ವ್ಯಾಕರಣದ ಪಟ್ಟಿಯೇ ಇಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ, ಸಣ್ಣ ತರ್ಕದ ಸಮಸ್ಯೆ ಇಂಥವನ್ನು ಅಧ್ಯಾಪಕರು ಮೊದಲು ತರಗತಿಯೊಡನೆ ಬಿಡಿಸುತ್ತಾರೆ, ಆಮೇಲೆ ಅದೇ ಬಗೆಯ ಇನ್ನೊಂದನ್ನು ಮಕ್ಕಳು ತಾವೇ ಬಿಡಿಸಬೇಕು. ನಮ್ಮ ಕಡೆಯ ಉದಾಹರಣೆ ಬೇಕಾದರೆ, ಧರ್ಮಸ್ಥಳಕ್ಕೆ ಹನ್ನೊಂದು ಗಂಟೆಗೆ ತಲುಪಬೇಕಾದವರು ಬಿ.ಸಿ. ರೋಡಿನಲ್ಲಿ ಯಾವ ಬಸ್ಸು ಹತ್ತಬೇಕು ಎಂಬಂಥದ್ದು. ಗಮನ ಬಸ್ಸಿನ ಮೇಲಿರುವಾಗ ಇಂಗ್ಲಿಷ್ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಬೆರೆಟ್ಟಾ ಮತ್ತು ಡೇವಿಸ್ ಎಂಬ ಹೊರಗಿನ ಪರಿಶೀಲಕರು 1985ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಎಣಿಸುತ್ತೇನೆ. ಸಮಸ್ಯೆ ಬಿಡಿಸುವ ಪರೀಕ್ಷೆಯಲ್ಲಿ ಪ್ರಭು ಅವರ ಮಕ್ಕಳು ಮುಂದು, ವಾಕ್ಯರಚನೆಯ ಪರೀಕ್ಷೆಯಲ್ಲಿ ಹಳೆಯ ಕ್ರಮದ ಮಕ್ಕಳು ಮುಂದು. ಯಾವ ಕಡೆಗೂ ವಾಲದ ಪರೀಕ್ಷೆಗಳಲ್ಲಿ ಪ್ರಯೋಗದ ತರಗತಿಗಳದೇ ಮೇಲುಗೈಯಾದರೂ, ಮೊದಲಿನ ಎರಡು ಫಲಿತಾಂಶಗಳು ಹೇಳುವುದನ್ನು ಅದು ಅಳಿಸುವುದಿಲ್ಲ. 1990ರಲ್ಲಿ ಪ್ರಭು ಅವರೇ ಬರೆದ ಪ್ರಬಂಧವೊಂದರ ವಿಷಯ, ಅತ್ಯುತ್ತಮ ವಿಧಾನವೆಂಬುದು ಏಕಿಲ್ಲ ಎಂಬುದು.

ಪ್ರಭು ಅವರ ಪ್ರಯೋಗ ನಡೆಯುತ್ತಿದ್ದ ವರ್ಷಗಳಲ್ಲೇ ಬೆಂಗಳೂರಿನಲ್ಲಿ ಇನ್ನೊಂದು ಕೆಲಸ ಶುರುವಾಯಿತು, ಅದರ ಮುಂದಾಳು ನಮ್ಮ ತಾಲೂಕಿನವರು. ಬಂಟ್ವಾಳ ತಾಲೂಕಿನ ಕೆದಿಲದಲ್ಲಿ ಹುಟ್ಟಿದ ಚ. ಮೂ. ಕೃಷ್ಣಶಾಸ್ತ್ರಿ ಮತ್ತು ಗೆಳೆಯರು 1981ರಲ್ಲಿ ಆರಂಭಿಸಿದ ಸಂಸ್ಕೃತ ಸಂಭಾಷಣ ಶಿಬಿರ ಇದು. ದಿನಕ್ಕೆ ಎರಡು ಗಂಟೆ, ಒಟ್ಟು ಹತ್ತು ದಿನ, ಭಾಷಾಂತರವಿಲ್ಲ, ಬಾಯಿಪಾಠವಿಲ್ಲ. ನೇರ ವಿಧಾನವೇ, ಆದರೆ ಜಾಣತನದಿಂದ ಕತ್ತರಿಸಿದ್ದು. ದ್ವಿವಚನವನ್ನು ಬದಿಗಿಟ್ಟರು. ಎದುರಿನವರನ್ನು ‘ಭವಾನ್’, ‘ಭವತೀ’ ಎಂದು ಕರೆದು ಮಧ್ಯಮಪುರುಷದ ಕ್ರಿಯಾರೂಪಗಳ ಹೊರೆ ಇಳಿಸಿದರು. ಭೂತಕಾಲಕ್ಕೆ ಲಕಾರಗಳ ಬದಲು ‘ಗತವಾನ್’, ‘ಗತವತೀ’ ಸಾಕೆಂದರು. ಇಂಗ್ಲಿಷಿನಲ್ಲಿ ಸೊರಗಿದ ವಿಧಾನ ಇಲ್ಲಿ ಹಬ್ಬಿದ್ದಕ್ಕೆ, ಕಲಿಸುವವರಿಗೆ ಮಾತು ಬರುತ್ತಿತ್ತು ಎಂಬುದು ಒಂದು ಕಾರಣ, ಕೊನೆಯಲ್ಲಿ ಬರೆಯುವ ಪರೀಕ್ಷೆಯಿರಲಿಲ್ಲ ಎಂಬುದು ಇನ್ನೊಂದು. ಹತ್ತು ದಿನದ ಸಂಸ್ಕೃತದಿಂದ ಕಾಳಿದಾಸನನ್ನು ಓದಲಾಗದು ಎಂದು ಪಂಡಿತರು ಆಕ್ಷೇಪಿಸಿದ್ದು ನಿಜವೇ. ಶಿಬಿರ ಅದನ್ನು ಕೇಳಿರಲೂ ಇಲ್ಲ.

ಈಗ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯ. ತುಳು ಮತ್ತು ಕೊಂಕಣಿ ತೃತೀಯ ಭಾಷೆಗಳಾಗಿ ಪ್ರೌಢಶಾಲೆ ಹೊಕ್ಕಿವೆ, ಅಂದರೆ ಮನೆಮಾತಿಗೂ ಪ್ರಶ್ನೆಪತ್ರಿಕೆ ಬಂದಿದೆ. ಜರ್ಮನಿಗೆ ಹೊರಡುವ ನರ್ಸುಗಳು ಜರ್ಮನ್ ಕಲಿಯುತ್ತಾರೆ. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ರವರೆಗಿನ ಮಟ್ಟಗಳಲ್ಲಿ, ಕಲಿತವರು ಆ ಭಾಷೆಯಲ್ಲಿ ಏನೇನು ಮಾಡಬಲ್ಲರು ಎಂದೇ ಅಳೆಯುತ್ತಾರೆ. ಪರೀಕ್ಷಕರೆದುರು ಕೂತು ಮಾತನಾಡದೆ ಪ್ರಮಾಣಪತ್ರವಿಲ್ಲ, ಆದ್ದರಿಂದ ತರಗತಿಯಲ್ಲೂ ಮಾತು ನಡೆಯುತ್ತದೆ. ಎಸ್ಸೆಸ್ಸೆಲ್ಸಿಯ ಇಂಗ್ಲಿಷಿಗೆ 80 ಅಂಕದ ಬರಹ, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಹತ್ತು ವರ್ಷ ಇಂಗ್ಲಿಷ್ ಕಲಿತ ಹುಡುಗಿಯನ್ನು ಕೂರಿಸಿ ಮಾತನಾಡಿಸುವ ಪರೀಕ್ಷೆ ಮಂಡಳಿಯ ಕಡೆಯಿಂದ ಇನ್ನೂ ಬಂದಿಲ್ಲ.