ಕಾಳಿಯ ಮಹಶೀರ್‌ಗೆ ಕಾವೇರಿಯ ಪಾಠ

ಮುಂಡಗೋಡ ತಾಲೂಕಿನ ಮಳಗಿಯ ಧರ್ಮಾ ಜಲಾಶಯದ ನೀರು ವರದೆ, ತುಂಗಭದ್ರೆ, ಕೃಷ್ಣೆಯರನ್ನು ಸೇರುತ್ತ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಜೋಯಿಡಾದ ಕಾಡಿನಲ್ಲಿ ಬಿದ್ದ ಮಳೆ ಕಾಳಿಯಾಗಿ, ದಾಂಡೇಲಿ ಹಾದು, ಕಾರವಾರದಲ್ಲಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಹಳಿಯಾಳದಲ್ಲಿ ಪ್ರಾಣಿಶಾಸ್ತ್ರ ಕಲಿಸುವಾಗ ಮೀನಿನ ಪಾಠವನ್ನು ನಾನು ಈ ನಕಾಶೆಯಿಂದಲೇ ಶುರುಮಾಡುತ್ತಿದ್ದೆ. ಹಕ್ಕಿ ಘಟ್ಟ ಹಾರಿ ದಾಟುತ್ತದೆ, ಹೊಳೆಯ ಮೀನು ದಾಟಲಾರದು. ಸಾವಿರಾರು ವರ್ಷ ಒಂದೇ ಹೊಳೆಯಲ್ಲಿ ಉಳಿದ ಮೀನು ಪಕ್ಕದ ಹೊಳೆಯದರಂತೆಯೇ ಕಂಡರೂ ಬೇರೆ ಜಾತಿಯದಾಗಿರಬಹುದು.

ಮಹಶೀರ್ ಎಂಬ ದೊಡ್ಡ ಹೊಳೆಮೀನಿನ ಕತೆ ಹೇಳದೆ ಇದು ಅರ್ಥವಾಗುವುದಿಲ್ಲ. ಪುಣೆಯ ಮುಳಾ-ಮುಠಾ ನದಿಯ ಮಹಶೀರನ್ನು 1839ರಲ್ಲಿ ವರ್ಣಿಸಿದವನು ವಿಲಿಯಂ ಸೈಕ್ಸ್. ಅದೇ ಇಂದಿನ ಟಾರ್ ಖುದ್ರಿ, ಕೃಷ್ಣಾ ಕೊಳ್ಳದ ನೀರಿನದು. 1873ರಲ್ಲಿ ಎಚ್. ಎಸ್. ಥಾಮಸ್ ಎಂಬ ಅಧಿಕಾರಿಯ ಗಾಳದ ಪುಸ್ತಕ ಮಂಗಳೂರಿನಲ್ಲಿ ಅಚ್ಚಾದ ಮೇಲೆ ದೊಡ್ಡ ಮಹಶೀರ್ ಹಿಡಿಯುವುದು ಸಾಹೇಬರಿಗೆ ಹುಲಿಬೇಟೆಯಷ್ಟೇ ಪ್ರತಿಷ್ಠೆಯಾಯಿತು. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಾವೇರಿಯ ಉಪನದಿ ಕಬಿನಿಯಿಂದ ಎತ್ತಿದ ಮೀನು 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಕಾವೇರಿಯ ಆ ಮೀನು ಲೋಕಪ್ರಸಿದ್ಧವಾಗಿತ್ತು. ಆದರೂ ಅದಕ್ಕೊಂದು ಸರಿಯಾದ ವೈಜ್ಞಾನಿಕ ಹೆಸರಿರಲಿಲ್ಲ. ದಶಕಗಳ ಕಾಲ ಅದಕ್ಕೆ ಅಂಟಿಸಿದ್ದ 'ಮುಸ್ಸುಲ್ಲಾ' ಎಂಬ ಹೆಸರು ಮಹಶೀರೇ ಅಲ್ಲದ ಇನ್ನೊಂದು ಮೀನಿನದು ಎಂದು 2013ರಲ್ಲಿ ಸಂಶೋಧಕರು ತೋರಿಸಿಕೊಟ್ಟರು.

ಅಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಅಣೆಕಟ್ಟು, ಡೈನಮೈಟು, ಮರಳುಗಾರಿಕೆಯಿಂದ ಮಹಶೀರ್ ಕರಗುತ್ತಿದೆ ಎಂಬ ಕಳಕಳಿಯಿಂದ 1970ರ ದಶಕದಲ್ಲಿ ಲೋನಾವಳದ ಮರಿಕೇಂದ್ರದ ಟಾರ್ ಖುದ್ರಿ ಮರಿಗಳನ್ನು ತಂದು ಕಾವೇರಿಗೆ ಬಿಡತೊಡಗಿದರು. ಉದ್ದೇಶ ಒಳ್ಳೆಯದೇ. ಆದರೆ ಕಾವೇರಿ ದಂಡೆಯ ಗಾಲಿಬೋರೆಯ ಗಾಳದವರು ಬರೆದಿಟ್ಟ 1998ರಿಂದ 2012ರವರೆಗಿನ ಲೆಕ್ಕವನ್ನು ತೆಗೆದು ನೋಡಿದರೆ, ಹೊರಗಿನಿಂದ ಬಂದ ನೀಲಿ ರೆಕ್ಕೆಯದು ಹೆಚ್ಚುತ್ತ, ಕಿತ್ತಳೆ ರೆಕ್ಕೆಯದು ಕಾಣೆಯಾಗುತ್ತ ಬಂದಿತ್ತು. ಎಲ್ಲವನ್ನೂ 'ಮಹಶೀರ್' ಎಂದೇ ಎಣಿಸಿದವರಿಗೆ ನದಿ ತುಂಬಿ ತುಳುಕುತ್ತಿದೆ ಎನಿಸುತ್ತಿತ್ತು!

2018ರಲ್ಲಿ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ನೀಲೇಶ್ ದಹಾನುಕರ್ ಮುಂತಾದವರು ಕಾವೇರಿ ಕೊಳ್ಳದ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಉಬ್ಬುಬೆನ್ನಿನ ಮೀನುಗಳ ಡಿಎನ್ಎ ಓದಿದರು. ಅದು ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವರ್ಣಿತವಾಗಿದ್ದ ಟಾರ್ ರೆಮಾದೇವಿಯೈಗೆ ಹೊಂದಿತು. ಪಾಂಬಾರೂ ಅಮರಾವತಿಯ ಮೂಲಕ ಕಾವೇರಿಗೇ ಸೇರುವ ನೀರು. ಹೆಸರು ಸಿಕ್ಕಿದ ವರ್ಷವೇ ಆ ಮೀನು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು.

ಇಂಥ ಡಿಎನ್ಎ ಪರೀಕ್ಷೆಗೆ ಮೀನನ್ನು ಕೊಲ್ಲಬೇಕಿಲ್ಲ. ರೆಕ್ಕೆಯ ಅಂಚಿನ ಚೂರೊಂದನ್ನು ಆಲ್ಕೊಹಾಲಿನಲ್ಲಿ ಇಟ್ಟರೆ ಸಾಕು. ಸಾಮಾನ್ಯವಾಗಿ ಓದುವುದು ಮೈಟೊಕಾಂಡ್ರಿಯದ ಕಾಕ್ಸ್-1 ಜೀನಿನ ಸುಮಾರು 650 ಅಕ್ಷರಗಳನ್ನು. ಆದರೆ ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ಕಾವೇರಿಯ ತಾಯಿಗೂ ಲೋನಾವಳದ ತಂದೆಗೂ ಹುಟ್ಟಿದ ಮಿಶ್ರತಳಿ ಈ ಪರೀಕ್ಷೆಯಲ್ಲಿ ಅಪ್ಪಟ ಕಾವೇರಿಯದೆಂದೇ ಪಾಸಾಗುತ್ತದೆ. ಆದ್ದರಿಂದ ಕೋಶಕೇಂದ್ರದ ಜೀನುಗಳನ್ನೂ ನೋಡಬೇಕು, ಬಾಯಿ, ಹುರುಪೆ, ಮೀಸೆಗಳನ್ನೂ ಅಳೆಯಬೇಕು.

ಈಗ ನಮ್ಮ ಕಾಳಿಯ ಮಾತು. ಪಾಂಡರಿ ಹೊಳೆ ಕಾಳಿಯನ್ನು ಕೂಡುತ್ತಿದ್ದ ಸೂಪಾ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ತಾಲೂಕು ಕಚೇರಿ ಜೋಯಿಡಾಕ್ಕೆ ಬಂತು. ಅದರ ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಿಂದ ಹೊಳೆ ತುಂಡುತುಂಡಾಯಿತು. ಮಳೆಗಾಲದಲ್ಲಿ ಮೇಲಕ್ಕೆ ಏರಿ ಕಲ್ಲುಮರಳಿನಲ್ಲಿ ಮೊಟ್ಟೆಯಿಡುವ ಮೀನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ. ಹೀಗಿರುವಾಗ ಎಲ್ಲಿಂದಲಾದರೂ ಮರಿ ತಂದು ಬಿಡೋಣ ಎಂಬ ಮಾತು ಯಾರ ಬಾಯಿಂದಲೂ ಸಲೀಸಾಗಿ ಬರುತ್ತದೆ. ಬೇಡ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಕೃಷ್ಣೆಯ ಮೀನಿನ ಹೆಸರನ್ನು ಕಾಳಿಯದಕ್ಕೂ ಇಟ್ಟುಬಿಟ್ಟರೆ ಕಾವೇರಿಯ ತಪ್ಪನ್ನು ಇಲ್ಲಿಯೂ ಮಾಡಿದಂತೆ. ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆದು, ಕಾಳಿ, ಪಾಂಡರಿ, ತಟ್ಟಿಹಳ್ಳಗಳಲ್ಲಿ ಸಿಕ್ಕ ಮಹಶೀರ್‌ನ ರೆಕ್ಕೆಚೂರು ತೆಗೆದು, ಮೀನನ್ನು ಜೀವಂತ ನೀರಿಗೆ ಬಿಡಬೇಕು. ಪ್ರತಿ ಸೀಸೆಯ ಮೇಲೆ ಹೊಳೆಯ ಹೆಸರು, ಹತ್ತಿರದ ಊರು, ತಾರೀಕು ಇರಲೇಬೇಕು. ಮರಿ ಬಿಡುವ ಚರ್ಚೆ ಏನಿದ್ದರೂ ಆ ಸೀಸೆಗಳ ಫಲಿತಾಂಶ ಬಂದ ಮೇಲೆ.